ಕಾರ್ಡಿಗೆ ಹಚ್ಚಿದ ಭಂಡಾರ

ಮಾನಮ್ಮ ಕಿರುಚಿದಳು. ಅದೇನು ಸಾಧಾರಣ ಕಿರುಚಾಟವಲ್ಲ. ರಂಗಂಪೇಟೆಯಲ್ಲಿ ಎದ್ದ ದನಿಗೆ ಬೋನಾಳ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ರೆಕ್ಕೆ ಬಿಚ್ಚಿದವು. ಸುರಪುರಕ್ಕೆ ಸೂರ್ಯನೇ ಕಾಣದಂತಾಯಿತು. ಸುಳ್ಳೆನಿಸಿದರೆ ಹಕ್ಕಿಗಳನ್ನೇ ಕೇಳಿ.

ಕಾರಣವಿತ್ತು. ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಆಕೆಯ ಕಂಪ್ಯೂಟರ್ ನಿನ್ನೆ ಸಂಜೆಯವರೆಗೆ ಟಗರಿನಂತೆ ನುಗ್ಗುತ್ತಿತ್ತು. ಇವತ್ತು ತೆವಳುತ್ತಿತ್ತು. ಒಳಗೆ ಯಾವ ಗ್ರಾಫಿಕ್ಸ್ ಕಾರ್ಡ್ ಇದೆಯೆಂದು ಪರದೆಯ ಮೇಲೆ ನೋಡಿದಳು. ಯಾವುದೋ ಓಬೀರಾಯನ ಕಾಲದ ಕಾರ್ಡಿನ ಹೆಸರು ಬಂತು. ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. ಕಾರ್ಡ್ ಇತ್ತು. ಅದೇ ಕಪ್ಪು ಮೈ. ಕೆಳಗೆ ಎರಡು ಫ್ಯಾನು. ಮೇಲೆ ಹಳದಿ ಭಂಡಾರದ ಅರಿಶಿನ. ಹೆಸರು ಮಾತ್ರ ಬೇರೆ.

ಆ ಕಾರ್ಡಿಗಾಗಿ ಸುಲ್ತಾನ ಮನೆ ಬಿಟ್ಟಿದ್ದ. ಸುಲ್ತಾನ ಎಂದರೆ ಆಕೆಯ ತಾಯಿ ಅಯ್ಯಮ್ಮ ಸಾಕಿದ ಟಗರು. ಅದು ಹಾದರೆ ಸುರಪುರದ ಗುಡ್ಡ ಒಂದು ಮಾರು ಹಿಂದೆ ಸರಿಯುತ್ತಿತ್ತು. ಮಗಳ ಕಂಪ್ಯೂಟರ್ ಹಳೆಯದು, ಒಂದು ಮದುವೆಯ ವಿಡಿಯೋ ಮುಗಿಯುವುದರೊಳಗೆ ಮದುಮಗಳಿಗೆ ಮೊಮ್ಮಕ್ಕಳಾಗುತ್ತವೆ ಎಂದು ಊರು ನಗುತ್ತಿತ್ತು. ಅಯ್ಯಮ್ಮ ಟಗರು ಮಾರಿದಳು. ಬಾಷುಮಿಯಾನ ರಿಪೇರಿ ಅಂಗಡಿಯಿಂದ ಕಾರ್ಡ್ ಬಂತು. ಮೈಲಾಪುರ ಮಲ್ಲಯ್ಯನ ಭಂಡಾರ ಹಚ್ಚಿ, ಕಾಯಿ ಒಡೆದು, ಒಳಗೆ ಕೂಡಿಸಿದ್ದಾಯಿತು.

ಕಿರುಚಾಟ ಕೇಳಿ ಮೊದಲು ಓಡಿ ಬಂದವನು ಸಂಗಣ್ಣ. ಅವನು ಕ್ಯಾಮೆರಾ ಹಿಡಿಯುವವನು, ಮಾನಮ್ಮ ಜೋಡಿಸುವವಳು. ಅಂಗಡಿ ಇಬ್ಬರದೂ. ‘ಅಯ್ಯಮ್ಮ ವಿಡಿಯೋ’ ಎಂದು ಕೆಂಪು ಅಕ್ಷರದಲ್ಲಿ ಬೋರ್ಡ್ ಬರೆದವನೂ ಅವನೇ. ಮಾನಮ್ಮನಿಗೆ ಒಡಹುಟ್ಟಿದ ಅಣ್ಣನಿಲ್ಲ. ಪಂಚಮಿಗೆ ಸೀರೆ ತಂದು, ಉಂಡಿ ತಿಂದು ಹೋಗುವ ಅಣ್ಣ ಇವನೇ. ಸುಲ್ತಾನನನ್ನು ಸಂತೆಗೆ ಹಿಡಿದುಕೊಂಡು ಹೋದವನೂ ಇವನೇ. ಬೇರೆಯವರ ಕೈಗೆ ಅದು ಬರುತ್ತಿರಲಿಲ್ಲ.

“ಯಾರೋ ಕಾರ್ಡ್ ಬದಲಿ ಮಾಡ್ಯಾರ ಅಣ್ಣ.”

ಸಂಗಣ್ಣ ಬಗ್ಗಿ ನೋಡಿದ. “ಬದಲಿ ಎಲ್ಲಿಂದ ಬಂತು? ಅವ್ವ ಹಚ್ಚಿದ ಭಂಡಾರ ಹಂಗೇ ಅದ ನೋಡು. ಅದೇ ಕಾರ್ಡ್ ಇದು. ಮೊದಲಿಗೇ ಗುಜರಿ ಕಾರ್ಡಿಗೆ ಬಣ್ಣ ಹೊಡದು ಕೊಟ್ಟಾನ ಆ ಬಾಷುಮಿಯಾ. ನಾಕು ದಿನ ಓಡಿತು, ಈಗ ಕುಂತಿತು.”

“ಚಾಚಾ ಹಂಗ ಮಾಡಾವಲ್ಲ.”

“ನೀ ಭಾಳ ನಂಬತಿ ತಂಗಿ. ಅದೇ ನಿಂದು ತಪ್ಪು.”

ಕಾರ್ಡಿನ ಕಡೆ ತೋರಿಸಿದ ಅವನ ಬೆರಳ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣವಿತ್ತು.

“ಅದೇನು ಕೈಗೆ?”

“ಎತ್ತಿನ ಕೋಡಿಗೆ ಬಣ್ಣ ಹಚ್ಚಿದೆ,” ಎಂದವನೇ ಬೈಕು ಹತ್ತಿ ಶಹಾಪುರದ ದಾರಿ ಹಿಡಿದ.

*

ಶಹಾಪುರದ ಬಸ್ ನಿಲ್ದಾಣದ ಹಿಂದೆ ಬಾಷುಮಿಯಾನ ರಿಪೇರಿ ಅಂಗಡಿ. ಸತ್ತ ಕಂಪ್ಯೂಟರಿನ ಮೇಲೆ ಅವನು ಕೈಯಿಟ್ಟರೆ ಅದು ಎದ್ದು ಕೂತು ಚಹಾ ಕೇಳುತ್ತದೆ ಎಂಬ ಮಾತಿದೆ. ಮಾನಮ್ಮನಿಗೆ ಮೌಸ್ ಹಿಡಿಯಲು ಕಲಿಸಿದವನು ಅವನು.

ಆಕೆ ಬಸ್ಸಿಳಿದು ಬರುವಷ್ಟರಲ್ಲಿ ಅರ್ಧ ಶಹಾಪುರ ಅಲ್ಲಿ ನೆರೆದಿತ್ತು. ಉಳಿದರ್ಧ ಮಾಳಿಗೆ ಹತ್ತಿ ನೋಡುತ್ತಿತ್ತು. ಸಂಗಣ್ಣ ನಡುಬೀದಿಯಲ್ಲಿ ನಿಂತಿದ್ದ.

“ಟಗರು ಮಾರಿದ ಬಡವರ ಮನಿಗೆ ಗುಜರಿ ಕಾರ್ಡ್ ಹಾಕ್ಯಾನ್ರಿ! ಕಳ್ಳ! ಇವನ ಕೈಗೆ ಇನ್ನ ಮ್ಯಾಲ ಯಾರೂ ಮಶೀನು ಕೊಡಬ್ಯಾಡ್ರಿ!”

ರಿಪೇರಿಗೆ ಕೊಟ್ಟವರು ತಮ್ಮ ಡಬ್ಬಿಗಳನ್ನು ಒಂದೊಂದಾಗಿ ವಾಪಸು ಹೊತ್ತೊಯ್ಯುತ್ತಿದ್ದರು. ಬಾಷುಮಿಯಾ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದ. ಸಂಗಣ್ಣನ ದೂರಿನ ಮೇಲೆ ಸುರಪುರದಿಂದ ಬಂದಿದ್ದ ಹೆಡ್ ಕಾನ್ಸ್‌ಟೇಬಲ್ ಭಗವಂತರಾಯ ಮೀಸೆ ತಿರುವುತ್ತಿದ್ದ. ಆ ಮೀಸೆಯ ಒಂದು ತುದಿ ಶಹಾಪುರದಲ್ಲಿದ್ದರೆ ಇನ್ನೊಂದು ಯಾದಗಿರಿಯಲ್ಲಿ.

“ಬೇಟಿ, ನೀನೂ ಹಂಗೇ ಅಂತೀಯೇನು?” ಬಾಷುಮಿಯಾ ಕೇಳಿದ.

“ನಾ ಏನೂ ಅನ್ನಂಗಿಲ್ಲ ಚಾಚಾ. ಕಾರ್ಡ್ ಹೆಂಗ ಕೂಡಿಸಿದ್ರಿ, ಮತ್ತೊಮ್ಮಿ ಹೇಳ್ರಿ.”

“ಹೇಳಾದೇನದ? ಕಂಪನಿಯವರೇ ಜೋಡಿಸಿ ಮಾರಿದ ಡಬ್ಬಿ ಅದು. ಪವರ್ ಸಪ್ಲೈ ಸಣ್ಣದು. ಕಾರ್ಡಿಗೆ ಕರೆಂಟ್ ಕೊಡಾಕ ಬ್ಯಾರೆ ವೈರೇ ಇರಲಿಲ್ಲ. ದೊಡ್ಡ ಸಪ್ಲೈ ತಂದ್ರ ಅದರ ಪಿನ್ನು ಬೋರ್ಡಿಗೆ ಕೂಡಲಿಲ್ಲ, ನಡುವ ಹಾಕೋ ವೈರು ಹೈದ್ರಾಬಾದಿಂದ ತರಿಸಿದೆ. ಕಡೀಕ ನೋಡಿದ್ರ ಕಾರ್ಡೇ ಉದ್ದ! ಮುಂದಿನ ತಗಡಿನ ಗೂಡಿಗೆ ಬಡೀತಿತ್ತು. ಆ ಗೂಡು ನಿನ್ನ ಕಣ್ಮುಂದ ಕೊಯ್ದು ತಗದೆ, ಇಲ್ಲೇನು?”

“ಪೂಜಿ ಹೊತ್ತಿಗೆ ಯಾರ್ಯಾರಿದ್ವಿ?”

“ನಾ, ನೀ, ನಿಮ್ಮವ್ವ. ಫ್ಯಾನಿನ್ಯಾಗ ಬೀಳಂಗ ಹಚ್ಚಬ್ಯಾಡವ್ವ ಅಂತ ನಿಮ್ಮವ್ವನ ಕೈ ಹಿಡದವ ನಾನೇ. ಈ ಸಂಗಣ್ಣ ಬರೋ ಹೊತ್ತಿಗೆ ತಗಡು ಮುಚ್ಚಿ ಆಗಿತ್ತು. ಖೊಬ್ಬರಿ ತಿಂದು ಹೋದ.”

ಭಗವಂತರಾಯ ಲಾಠಿ ಕುಟ್ಟಿದ. “ಸಾಕು ಪುರಾಣ. ಜೀಪ್ ಹತ್ತು ಮಿಯಾ.”

“ಠಾಣೆಗೆ ಒಯ್ಯೋದಕ್ಕಿಂತ ಮೊದಲ ನಮ್ಮ ಅಂಗಡೀಗೆ ಕರ್ಕೊಂಡು ಬರ್ರಿ ಸಾಹೇಬ್ರ,” ಎಂದಳು ಮಾನಮ್ಮ. “ಸಂಗಣ್ಣನ್ನೂ ಕರ್ಕೊಂಡು ಬರ್ರಿ. ಊಟ ಮಾಡ್ಕೊಂಡು ಸಾವಕಾಶ ಬರ್ರಿ.”

ಊಟವೆಂದ ಮೇಲೆ ಭಗವಂತರಾಯ ಇಲ್ಲವೆಂದ ದಾಖಲೆಯಿಲ್ಲ.

*

ಅಂಗಡಿಯ ಬೀಗ ಮುರಿದಿರಲಿಲ್ಲ. ತಮ್ಮಿಬ್ಬರದು ಬಿಟ್ಟರೆ ಇನ್ನೊಂದು ಕೀಲಿಕೈ ಇದ್ದದ್ದು ಮಳಿಗೆಯ ಮಾಲೀಕ ಯಂಕಣ್ಣನ ಹತ್ತಿರ. ಮಾನಮ್ಮ ಮೊದಲು ಅವನನ್ನೇ ಹಿಡಿದಳು.

“ಕಾಕಾ, ಅಂಗಡ್ಯಾಗ ಕಾರ್ಡ್ ಕಳವಾಗೇದ.”

“ರೇಷನ್ ಕಾರ್ಡ್ ಅಂಗಡ್ಯಾಗ ಯಾಕ ಇಟ್ಟಿದ್ದೆವ್ವ? ಮನ್ಯಾಗ ಜಾಗ ಇಲ್ಲೇನು?”

ಮಾನಮ್ಮ ಅವನ ಹೆಸರನ್ನು ಅಲ್ಲೇ ಕೈಬಿಟ್ಟಳು. ಇಂಥವನು ಕಂಪ್ಯೂಟರ್ ಕದಿಯಲು ಬಂದಿದ್ದರೆ ಗೋಡೆಯ ಗಡಿಯಾರ ಕಿತ್ತುಕೊಂಡು ಹೋಗುತ್ತಿದ್ದ.

ಒಳಗೆ ಹೋಗಿ ಡಬ್ಬಿಯ ಮುಂದೆ ಕೂತಳು. ಬಾಷುಮಿಯಾ ಗೂಡು ಕೊಯ್ದ ಜಾಗ ಬಾಯಿ ತೆರೆದುಕೊಂಡಿತ್ತು. ಈಗಿರುವ ಕಾರ್ಡಿನ ತುದಿ ಅಲ್ಲಿಗೆ ಮುಟ್ಟಿರಲೇ ಇಲ್ಲ. ನಡುವೆ ಕೈ ತೂರಿಸಿದಳು. ಅಂಗೈ ಸಲೀಸಾಗಿ ಹೋಯಿತು. ಇಷ್ಟು ಗಿಡ್ಡ ಕಾರ್ಡಿಗೆ ಗೂಡು ಕೊಯ್ಯುವುದೇಕೆ?

ವೈರು ತೆಗೆದು ಕಾರ್ಡನ್ನು ಹೊರಗೆಳೆದಳು. ಬೋರಲು ಮಾಡಿ ಫ್ಯಾನಿನ ಕಡೆ ನೋಡಿದಳು. ಮತ್ತೆ ಈ ಕಡೆ ತಿರುಗಿಸಿದಳು.

ಕಳ್ಳ ಯಾರೆಂದು ಗೊತ್ತಾಯಿತು.

ಗೊತ್ತಾದವಳು ಕುಣಿಯಬೇಕಿತ್ತು. ಆಕೆ ಬಾಗಿಲು ಮುಂದೆ ಮಾಡಿ ನೆಲದ ಮೇಲೆ ಕೂತಳು. ನಾರಾಯಣಪುರ ಡ್ಯಾಮಿನ ಅಷ್ಟೂ ಗೇಟು ಒಮ್ಮೆಲೇ ತೆರೆದರೂ ಆಕೆಯ ಕಣ್ಣಿನಷ್ಟು ನೀರು ಹರಿಯದು. “ಮಲ್ಲಯ್ಯ, ನಾ ತಿಳಕೊಂಡಿದ್ದು ತಪ್ಪಾಗಲಪ್ಪ,” ಎಂದು ಬೇಡಿಕೊಂಡಳು. ತಾನು ಹಿಡಿದ ಕಳ್ಳ ಕಳ್ಳನಾಗದಿರಲಿ ಎಂದು ಬೇಡಿಕೊಂಡ ಪತ್ತೇದಾರಳು ಭೂಮಂಡಲದಲ್ಲಿ ಆಕೆಯೊಬ್ಬಳೇ.

*

ಮಧ್ಯಾಹ್ನ ಎಲ್ಲರೂ ಬಂದರು. ಅಯ್ಯಮ್ಮ ಹೊಸ್ತಿಲ ಮೇಲೆ ಕೂತಳು. ಬಾಷುಮಿಯಾ ಒಳಗೆ ಬರಲು ಒಪ್ಪದೆ ಕಟ್ಟೆಯ ಮೇಲೆ ನಿಂತ. ಹೊಟ್ಟೆ ತುಂಬಿದ ಭಗವಂತರಾಯ ಕುರ್ಚಿ ತುಂಬಿದ. ಮೇಜಿನ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಕಾರ್ಡ್.

“ಸಂಗಣ್ಣ, ಇದಕ್ಕ ಅವ್ವ ಭಂಡಾರ ಎಲ್ಲಿ ಹಚ್ಚಿದ್ಳು?”

“ಎಲ್ಲಿ ಅಂದ್ರ? ಮ್ಯಾಲ. ಸಪಾಟ ಅದಲ್ಲ, ಅಲ್ಲಿ.”

“ಹಚ್ಚೋದು ನೋಡಿದ್ದೇನು?”

“ನೋಡಿದ್ನಲ್ಲ! ಅಲ್ಲೇ ನಿಂತಿದ್ದೆ.”

“ಚಾಚಾ, ನೀವು ಹೇಳ್ರಿ.”

“ಮ್ಯಾಲಲ್ಲ ಬೇಟಿ. ಫ್ಯಾನಿನ ಕಡೆ. ಎರಡೂ ಫ್ಯಾನಿನ ನಡುವ.”

ಮಾನಮ್ಮ ಟವೆಲ್ ಬಿಚ್ಚಿದಳು. ಸಪಾಟ ಕಡೆ ಹಳದಿ ಬೆರಳಿನ ಗುರುತು. ಫ್ಯಾನಿನ ಕಡೆ ಏನೂ ಇಲ್ಲ.

ಅಯ್ಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಇದನ್ಯಾರು ಹಚ್ಚ್ಯಾರ? ನಾ ಹಚ್ಚಿದ್ದು ಮುಖಕ್ಕ. ಎರಡು ಕಣ್ಣಿರೋ ಕಡೀನೇ ಮುಖ, ನಡುವ ಹಣಿ. ದೇವರ ಭಂಡಾರ ಬೆನ್ನಿಗೆ ಹಚ್ಚಾಕ ನನಗೇನು ಬುದ್ಧಿ ಭ್ರಮಣಿ ಆಗೇದೇನು?”

ಭಗವಂತರಾಯನ ಮೀಸೆ ನಿಂತಲ್ಲೇ ನಿಂತಿತು. “ಬಿಡಿಸಿ ಹೇಳವ್ವ.”

“ಅವ್ವ ಹಚ್ಚಿದ್ದು ಕಾರ್ಡ್ ಕೈಯಾಗಿದ್ದಾಗ್ರಿ. ಡಬ್ಬ್ಯಾಗ ಕೂಡಿಸಿದ ಮ್ಯಾಲ ಫ್ಯಾನು ಕೆಳಗಾಗ್ತಾವ, ಬೆನ್ನು ಮ್ಯಾಲ ಬರ್ತದ. ಈ ಕಾರ್ಡಿಗೆ ಹಚ್ಚಿದಾಂವ ಕೂಡಿಸಿದ ಮ್ಯಾಲ ಹಚ್ಚ್ಯಾನ. ಬೆರಳಿಗೆ ಸಿಕ್ಕಿದ್ದು ಬೆನ್ನು. ಕತ್ತಲ್ಯಾಗ ಅವಸರಲೆ ಕಿತ್ತಾಂವ ಹಳೇ ಕಾರ್ಡ್ ತಿರುವಿ ನೋಡಿಲ್ಲ. ಅಂದ ಮ್ಯಾಲ ಅವ್ವ ಪೂಜಿ ಮಾಡಿದ ಕಾರ್ಡ್ ಇದಲ್ಲ.”

“ಮಿಯಾನೇ ಆಮ್ಯಾಲ ಬಂದು ಬದಲಿ ಮಾಡಿರಬಾರದೇನು?” ಸಂಗಣ್ಣನ ದನಿ ಏರಿತು.

“ಚಾಚಾ ಅವ್ವನ ಕೈ ಹಿಡದು ಹಚ್ಚಿಸ್ಯಾರ. ಅವರಾಗಿದ್ರ ಮುಖಕ್ಕೇ ಹಚ್ಚತಿದ್ರು. ಹೊರಗಿನ ಕಳ್ಳನಿಗೆ ಭಂಡಾರದ ಸುದ್ದೀನೇ ಗೊತ್ತಿಲ್ಲ. ಭಂಡಾರ ಹಚ್ಚ್ಯಾರ ಅನ್ನೋದು ಗೊತ್ತಿತ್ತು, ಎಲ್ಲಿ ಅನ್ನೋದು ಗೊತ್ತಿಲ್ಲ. ಅಂಥಾಂವ ಒಬ್ಬನೇ. ತಗಡು ಮುಚ್ಚಿದ ಮ್ಯಾಲ ಬಂದು ಖೊಬ್ಬರಿ ತಿಂದಾಂವ. ಬೀಗ ಮುರೀದೇ ಒಳಗ ಬರಾಂವ.”

ಸಂಗಣ್ಣ ನಕ್ಕ. ನಗು ತುಟಿಯವರೆಗೆ ಬಂದು ವಾಪಸು ಹೋಯಿತು. “ತಂಗಿ, ನನ್ನ ಮ್ಯಾಲೇನು?”

“ಎತ್ತಿನ ಕೋಡಿಗೆ ಬಣ್ಣ ಹಚ್ಚಿದೆ ಅಂದಿ. ನಿಮ್ಮ ಮನ್ಯಾಗ ಎತ್ತು ಎಲ್ಲಿ ಅದಾವ ಅಣ್ಣ? ಹೊಲಕ್ಕ ಕಾಲುವಿ ನೀರು ಬಂದ ವರ್ಷಾನೇ ಟ್ರ್ಯಾಕ್ಟರ್ ತಂದು ಎತ್ತು ಮಾರಿದಿರಿ. ಆ ಕೆಂಪು ನನಗ ಗೊತ್ತದ. ನಮ್ಮ ಬೋರ್ಡಿನ ಕೆಂಪು ಅದು. ಈಗ ಯಾವ ಊರಾಗ ಬೋರ್ಡ್ ಬರದಿ?”

ಸಂಗಣ್ಣ ಬೆರಳು ಮಡಿಚಿ ಉಗುರು ಮುಚ್ಚಿಕೊಂಡ. ಆ ಕೆಂಪು ಸೈದಾಪುರದ ರೈಲನ್ನೇ ನಿಲ್ಲಿಸುವಷ್ಟು ಢಾಳಾಗಿತ್ತು.

“ಯಾದಗಿರಿ,” ಎಂದ ಸಂಗಣ್ಣ. “ಸ್ಟೇಷನ್ ಹತ್ರ ನಂದೇ ಒಂದು ಅಂಗಡಿ. ಕಾರ್ಡ್ ಅಲ್ಲೇ ಅದ.”

“ಯಾಕ?”

“ಯಾಕ ಅಂದ್ರ? ಎಲ್ಲಾರೂ ಮಾನಮ್ಮನ ವಿಡಿಯೋ ಅಂತಾರ. ಬಿಸಲಾಗ ಕ್ಯಾಮೆರಾ ಹೊತ್ತು ನಿಂತಾಂವ ನಾ. ನನ್ನ ಹೆಸರು ಯಾರು ಹೇಳ್ತಾರ? ಈ ಕಾರ್ಡ್ ಬಂದ ಮ್ಯಾಲಂತೂ ನನ್ನನ್ನ ಕೇಳೋರೇ ಇಲ್ಲ.”

“ಬೋರ್ಡಿನ ಮ್ಯಾಲ ನಿನ್ನ ಹೆಸರು ಬ್ಯಾಡ ಅಂತ ನಾ ಹೇಳಿದ್ನೇನು? ಬ್ರಷ್ಷು ನಿನ್ನ ಕೈಯಾಗೇ ಇತ್ತಲ್ಲ ಅಣ್ಣ.” ಮಾನಮ್ಮನ ದನಿ ಈಗ ಪಕ್ಕದವರಿಗೂ ಕೇಳುವಂತಿರಲಿಲ್ಲ. “ಕದ್ದಿದ್ದು ಹೋಗ್ಲಿ. ನನಗ ಕೈ ಹಿಡದು ಕಲಿಸಿದ ಚಾಚಾನ್ನ ಕಳ್ಳನ್ನ ಮಾಡಿದಿ. ನನ್ನ ಬಾಯಿಂದಾನೇ ಕಳ್ಳ ಅನ್ನಸಾಕ ಹೊಂಟಿದ್ದಿ.”

ಭಗವಂತರಾಯ ಎದ್ದ. “ಕೇಸ್ ಬರೀಲೇನವ್ವ?”

“ಬರೀರಿ. ಕಾರ್ಡೂ ತರ್ರಿ. ಮೊದಲ ಒಂದು ಕೆಲಸ. ಶಹಾಪುರದಾಗ ಎಲ್ಲಿ ನಿಂತು ಕಳ್ಳ ಅಂತ ಕೂಗಿದ್ನೋ, ಅಲ್ಲೇ ನಿಲ್ಲಸ್ರಿ. ಕಳ್ಳ ಯಾರು ಅಂತ ಅಷ್ಟೇ ಜೋರಾಗಿ ಕೂಗಲಿ.”

ಕಟ್ಟೆಯ ಮೇಲಿದ್ದ ಬಾಷುಮಿಯಾ ಆಗ ಚಪ್ಪಲಿ ಬಿಟ್ಟು ಒಳಗೆ ಬಂದ. ಖಾಲಿ ಡಬ್ಬಿಯ ಮುಂದೆ ಕೂತು, ಜೋತಾಡುತ್ತಿದ್ದ ವೈರನ್ನು ನೀಟಾಗಿ ಮಡಿಸಿ ಕಟ್ಟತೊಡಗಿದ.

ಸಂಗಣ್ಣ ಹೊರಡಲು ಬಂದ. ಹೊಸ್ತಿಲ ಮೇಲೆ ಅಯ್ಯಮ್ಮ ಕೂತಿದ್ದಳು. ದಾಟುವಂತಿಲ್ಲ. ಆಕೆ ಬೈಯಲಿಲ್ಲ. ಇಡೀ ತಾಲೂಕು ನಡುಗುವಂತೆ ಬೈಯಬಲ್ಲ ಹೆಂಗಸು, ಅಂದು ಬೈಯಲಿಲ್ಲ. ಅವನ ಮುಖವನ್ನೇ ನೋಡಿ ಕೇಳಿದಳು:

“ಸುಲ್ತಾನನ್ನ ಸಂತಿಗೆ ಒಯ್ಯೋವಾಗ ಜಗ್ಗಿತೇನಪ್ಪ ಅದು?”

“ಇಲ್ಲವ್ವ. ಹಿಂದ ಹಿಂದ ಬಂತು.”

“ಹೌದು. ನಿನ್ನ ಹಿಂದ ನಾವೆಲ್ಲ ಹಂಗೇ ಬಂದ್ವಿ.” ಆಕೆ ಸರಿದು ದಾರಿ ಬಿಟ್ಟಳು. “ಪೂಜಿ ದಿನ ಖೊಬ್ಬರಿ ಕೊಟ್ಟು ನಿನ್ನ ಹಣೀಗೂ ಭಂಡಾರ ಹಚ್ಚಿದ್ದೆ. ನಿನಗಂತೂ ನಾ ಸರಿಯಾದ ಕಡೀನೇ ಹಚ್ಚಿದ್ದೆ ನೋಡಪ್ಪ.”

ಸಂಗಣ್ಣನ ಕೈ ತಾನಾಗಿಯೇ ಹಣೆಗೆ ಹೋಯಿತು. ಉಗುರಿನ ಕೆಂಪು ಇನ್ನೂ ಹೋಗಿರಲಿಲ್ಲ.