ಸಾಮೆ ಮುರುಕಿನ ಆರನೇ ಪಾಕೆಟ್ಟು

"ನನ್ ತಂಗಿ ಒಟ್ಟೆಗೆ ಏನ್ಲಾ ಆಕ್ದೆ? ಬೊಗಳು!"

ಕುಪ್ಪಸ್ವಾಮಿ ಮಾದೇಶನ ಕಾಲರ್ ಹಿಡಿದು ಅವನ ಬೆನ್ನನ್ನು ಗೋಡೆಗೆ ಅಪ್ಪಳಿಸಿದ. ಗೋಡೆಯ ಸುಣ್ಣ ಉದುರಿತು.

"ಮೈದಾ ಮುಟ್ಟಿಲ್ಲ ಅಣ್ಣಾ... ಅವ್ವನಾಣೆ!"

"ಮೂರು ದಿನದಿಂದ ವಾಂತಿ ಮಾಡ್ಕಂಡು ಬಿದ್ದವಳೆ. ನಿನ್ ಮುರುಕು ಪಾಕೆಟ್ ತಿಂದೇ ಅಲ್ವೇನ್ಲಾ?"

ಮೂಲೆಯಲ್ಲಿ ಚಾಪೆಯ ಮೇಲೆ ರಾಜಾತಿ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದಳು. ಕರುಳನ್ನು ಯಾರೋ ಹಿಂಡಿ ಹಿಂಡಿ ಬಿಡುತ್ತಿದ್ದ ಹಾಗಿತ್ತು. ಆದರೆ ಅದಕ್ಕಿಂತ ದೊಡ್ಡ ನೋವು ಬೇರೆಯದು.

ಇವನನ್ನು ನಂಬಿದ್ದೆನಲ್ಲ... ಎರಡನೇ ಸಲವೂ ನಂಬಿದ್ದೆನಲ್ಲ!

"ಒಸದಾಗಿ ಏನ್ ಸೇರಿಸ್ದೆ? ಅದನ್ ಹೇಳು!" ಕುಪ್ಪಸ್ವಾಮಿ ಗುಡುಗಿದ.

ಮಾದೇಶ ಬಾಯಿ ತೆರೆದ. ರಾಜಾತಿಯ ಕಡೆ ನೋಡಿದ. ಮತ್ತೆ ಬಾಯಿ ಮುಚ್ಚಿದ.

ರಾಜಾತಿ ಅದನ್ನು ಕಂಡಳು. ತಪ್ಪು ಮಾಡಿದವನಲ್ಲದೆ ಇನ್ನಾರು ಹೀಗೆ ಬಾಯಿ ಮುಚ್ಚುತ್ತಾರೆ?

ಕುಪ್ಪಸ್ವಾಮಿಯ ಕೈಗೆ ಸಿಕ್ಕಿದ್ದು ಸತ್ತ ತನ್ನ ಅವ್ವನ, ಮುರುಕು ಒತ್ತುವ ಹಿತ್ತಾಳೆ ಒರಳು. ಒಂದೇ ಏಟು. ಮಾದೇಶನ ಹಣೆ ಸೀಳಿತು. ಅವನು ತಂದಿದ್ದ ಬುಟ್ಟಿಯ ಪಾಕೆಟ್ಟುಗಳ ಮೇಲೆ ರಕ್ತ ತೊಟ್ಟಿಕ್ಕಿತು.

ತಿರುಗಿ ಹೊಡೆಯುವ ಶಕ್ತಿ ಅವನಿಗಿತ್ತು. ಹೊಡೆಯಲಿಲ್ಲ.

"ರಾಜಾತಿ... ನೀನಾದ್ರೂ..."

"ಓಗು! ಒಂದ್ಸಲ ಸುಳ್ಳು ಹೇಳ್ದೋನು ನೀನು. ಇನ್ ಈ ಬಾಗ್ಲು ತುಳೀಬೇಡ!"

ಮಾದೇಶ ಹೋದ. ಬುಟ್ಟಿ ಅಲ್ಲೇ ಉಳಿಯಿತು.

ಅವಳ ಮಾತು ಸುಳ್ಳಲ್ಲ. ಎಂಟು ತಿಂಗಳ ಹಿಂದೆ ಹರೂರು ಬಸ್ ಸ್ಟ್ಯಾಂಡಿನಲ್ಲಿ ಮುರುಕು ಮಾರುತ್ತಿದ್ದ ಅವನನ್ನು ಅವಳು ಕೇಳಿದ್ದಳು, "ಇದ್ರಲ್ಲಿ ಮೈದಾ ಐತಾ?" ಎಂದು. ಮಾರುವವರ ಬಾಯಿಗೆ ಬರುವ ಹಾಗೆ ಅವನು "ಇಲ್ಲಕ್ಕಾ" ಎಂದುಬಿಟ್ಟಿದ್ದ. ಅವಳು ಬಸ್ಸಿನ ತುಂಬ ವಾಂತಿ ಮಾಡಿದಳು. ಮರುದಿನ ಬಂದು ಉಳಿದ ಮುರುಕನ್ನು ಪಾಕೆಟ್ ಸಮೇತ ಅವನ ಮುಖಕ್ಕೆ ಎಸೆದಳು.

"ಗೋಧಿ, ಮೈದಾ, ರವೆ, ಒಂದು ಚಿಟಿಕೆ ಒಟ್ಟೆಗೋದ್ರೂ ನನ್ ಕರುಳು ಕೊಳೆಯುತ್ತಂತೆ. ಸೇಲಂ ಡಾಕ್ಟ್ರು ಹೇಳವ್ರೆ. ಸಾಯ್ಸಾಕ್ ನೋಡಿದ್ಯೇನೋ, ಕಳ್ಳ!"

ಬೇರೆಯವನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ. ಮಾದೇಶ ಮುಖದ ಮೇಲಿನ ಪುಡಿ ಒರೆಸಿಕೊಂಡು, "ಹಂಗಾರೆ ನೀನು ಏನ್ ತಿನ್ತೀಯ?" ಎಂದು ಕೇಳಿದ.

ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ! ಮನೆಯವರು ಏನು ತಿನ್ನಬಾರದು ಎಂದು ಮಾತ್ರ ಹೇಳುತ್ತಿದ್ದರು.

ಮುಂದಿನ ಶುಕ್ರವಾರ ಅವನೇ ಅವಳ ಮನೆ ಬಾಗಿಲಿಗೆ ಬಂದ. ಸಾಮೆ ಹಿಟ್ಟಿನ ಮುರುಕು. ಅವನ ಅವ್ವ ಮಾರಕ್ಕ ಬೇರೆ ಬಾಣಲೆ, ಬೇರೆ ಎಣ್ಣೆ ಇಟ್ಟು ಕರಿದದ್ದು. ಮೇಣದ ಬತ್ತಿಯ ಉರಿಗೆ ಕವರಿನ ಬಾಯಿ ಹಿಡಿದು ಅಂಟಿಸುತ್ತಿದ್ದ ಅವನ ಬೆರಳ ತುದಿಗಳೆಲ್ಲ ಸುಟ್ಟಿದ್ದವು.

"ತಿಂದು ಹೇಳು. ನಿನಗೆ ಸೇರಿದ್ರೆ ಏರ್ಕಾಡ್ ಅಂಗಡಿಗೂ ಹಾಕ್ತೀನಿ. ನಿನ್ನಂಗೆ ಇನ್ನೆಷ್ಟು ಜನ ಅವ್ರೋ!"

ತಿನ್ನುವುದು, ಎರಡು ದಿನ ಕಾಯುವುದು, ಹೊಟ್ಟೆ ಸುಮ್ಮನಿದ್ದರೆ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆಯುವುದು. ಹೊಸ ರುಚಿಗೆ ಹೊಸ ಗೆರೆ. ಹೀಗೆ ಐದು ಗೆರೆಗಳಾದವು. ಗೆರೆ ಬೀಳುವ ದಿನಕ್ಕೆ ರಾಜಾತಿ ತಲೆಗೆ ಹೂ ಮುಡಿಯತೊಡಗಿದಳು.

ಆರನೇ ಪಾಕೆಟ್ಟು ಬಂದಾಗ ಎಲ್ಲ ಮುರಿಯಿತು.

ಹತ್ತು ದಿನ ಕಳೆದವು. ರಾಜಾತಿ ಎದ್ದು ಓಡಾಡುವಂತಾದಳು. ಒಂದು ಮಧ್ಯಾಹ್ನ ಅತ್ತಿಗೆ ಭಾಗ್ಯಲಕ್ಷ್ಮಿ ಅಡುಗೆಮನೆಯಿಂದ ಕೂಗಿದಳು.

"ಉಪ್ಪಿನಕಾಯಿಗೆ ಅಂತ ಸೇಲಂನಿಂದ ಇಂಗು ತಂದ್ರೆ ಅರ್ಧ ಡಬ್ಬಿ ಖಾಲಿ! ಯಾವ ಇಲಿ ತಿಂತು?"

ಇಲಿಯಲ್ಲ. ರಾಜಾತಿ. ಐದನೇ ಪಾಕೆಟ್ಟು ಸಪ್ಪೆಯೆಂದು, "ಇದನ್ ಹಾಕ್ಸು, ಘಮ ಬರ್ತೈತೆ" ಎಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಮಾದೇಶನ ಕೈಗೆ ಅವಳೇ ಕೊಟ್ಟಿದ್ದಳು. ಆ ಮನೆಯಲ್ಲಿ ದಿನದ ಸಾರಿಗೆ ಬೆಳ್ಳುಳ್ಳಿ ಒಂದೇ, ಇಂಗು ಅವಳ ಹೊಟ್ಟೆಗೆ ಹೋದದ್ದೇ ಇಲ್ಲ. ಇಂಗನ್ನು ಯಾರು ಅನುಮಾನಿಸುತ್ತಾರೆ?

ಅವಳು ಡಬ್ಬಿಯನ್ನು ಕೈಗೆತ್ತಿಕೊಂಡಳು. ತಳದಲ್ಲಿ ಇರುವೆ ಸಾಲಿನಂಥ ತಮಿಳು ಅಕ್ಷರ. ಓದಿದಳು. ಮತ್ತೆ ಓದಿದಳು.

ಪೆರುಂಗಾಯಂ. ಗೋದುಮೈ ಮಾವು.

ಗೋಧಿ ಹಿಟ್ಟು! ಇಂಗಿನೊಳಗೆ ಗೋಧಿ ಹಿಟ್ಟು!

'ನನಗೆ ವಿಷ ಇಟ್ಟವಳು ನಾನೇ... ಅವನ ತಲೆ ಒಡೆಸಿದವಳೂ ನಾನೇ...'

ಅವಳು ಡಬ್ಬಿ ಹಿಡಿದು ಅಣ್ಣನ ಮುಂದೆ ನಿಂತಳು. "ಅಣ್ಣಾ, ತಪ್ಪು ನಂದು. ಇಂಗು ನಾನೇ ಕೊಟ್ಟಿದ್ದೆ. ಬಾ, ಅವನ್ ತಾವ ಓಗಿ ತಪ್ಪಾಯ್ತು ಅನ್ನಾಣ."

"ನಾನು? ಆ ಮುರುಕು ಮಾರೋ ನಾಯಿ ತಾವ?" ಕುಪ್ಪಸ್ವಾಮಿ ಎದ್ದ. "ಮನೆ ಸಾಮಾನು ಕದ್ದು ಕಂಡೋನಿಗೆ ಕೊಡ್ತಿದ್ಯೇನೇ?"

ಏಟು ಕೆನ್ನೆಗೆ ಬಿತ್ತು. ಎರಡನೆಯದು ತುಟಿಗೆ. ಬಾಯಿಯಲ್ಲಿ ಉಪ್ಪು ರುಚಿ. ಅವನು ಜಡೆ ಹಿಡಿದು ಎಳೆದ. ಅವಳು ನೆಲಕ್ಕೆ ಬಿದ್ದಳು. ಡಬ್ಬಿ ಒಡೆದು ಇಂಗು ಚೆಲ್ಲಿತು.

ಆಗ ಅವಳಿಗೆ ಅರ್ಥವಾಯಿತು. ಮಾದೇಶ ಅಂದು ಬಾಯಿ ಮುಚ್ಚಿದ್ದು ಯಾಕೆಂದು.

ರಾಜಾತಿ ಗೋಡೆಯ ಗೂಡಿನಲ್ಲಿದ್ದ ಅವ್ವನ ಒರಳನ್ನು ಎತ್ತಿಕೊಂಡು ಎದ್ದು ನಿಂತಳು.

"ಇನ್ನೊಂದೇಟು ಒಡಿ ನೋಡಾಣ!"

ಕುಪ್ಪಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ. "ಒಸಲು ದಾಟಿದ್ರೆ ತಿರುಗಿ ಬರ್ಬೇಡ."

"ಬರಾಕಿಲ್ಲ."

ಭಾಗ್ಯಲಕ್ಷ್ಮಿ ರಾಜಾತಿಯ ಚಪ್ಪಲಿಯನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಕಡೆ ನೂಕಿದಳು.

ಹರೂರಿನ ಸಣ್ಣ ಬೀದಿ. ಮಾದೇಶ ಮೇಣದ ಬತ್ತಿ ಮುಂದೆ ಕೂತು ಕವರು ಅಂಟಿಸುತ್ತಿದ್ದ. ಹಣೆಯಲ್ಲಿ ಐದು ಹೊಲಿಗೆ. ಬಾಗಿಲಲ್ಲಿ ನಿಂತವಳ ಕೈಯಲ್ಲಿದ್ದುದನ್ನು ನೋಡಿ ಮಾರಕ್ಕ ಸೌಟು ಎತ್ತಿದಳು.

"ತಲೆ ಒಡಿಯೋ ಒರಳು ಇಲ್ಲಿಗೂ ಬಂತಾ? ಇನ್ನೇನ್ ಬಾಕಿ ಐತೆ ಒಡಿಯಾಕೆ?"

"ಅವ್ವಾ, ಸುಮ್ನಿರು." ಮಾದೇಶ ಎದ್ದು ಬಂದ. ಅವಳ ಒಡೆದ ತುಟಿ ನೋಡಿದ.

"ನಿಂಗೊತ್ತಿತ್ತಾ?" ರಾಜಾತಿ ಕೇಳಿದಳು.

"ಅನುಮಾನ ಇತ್ತು. ಒಸದು ಅಂತ ಹಾಕಿದ್ದು ಅದೊಂದೇ ಅಲ್ವಾ? ಆಮೇಲೆ ಅಂಗಡೀಲಿ ಇಂಗಿನ ಡಬ್ಬಿ ಓದ್ದೆ."

"ಯಾಕ್ ಹೇಳಲಿಲ್ಲ... ಯಾಕೆ!"

"ಹೇಳಿದ್ರೆ ಈ ಒರಳು ನಿನ್ ತಲೆ ಮೇಲೆ ಬೀಳ್ತಿತ್ತು."

ಅವಳು ತಡೆದುಕೊಂಡಿದ್ದ ಅಳು ಒಡೆಯಿತು. ಅವನ ಎದೆಗೆ ಗುದ್ದಿದಳು, ಮತ್ತೆ ಗುದ್ದಿದಳು. ಆಮೇಲೆ ಅಲ್ಲೇ ಮುಖವಿಟ್ಟಳು. ಮಾರಕ್ಕ ಒರಳನ್ನು ಕಸಿದುಕೊಂಡು ನೀರಿನ ತೊಟ್ಟಿಯ ಕಡೆ ನಡೆದಳು. ತಿಕ್ಕಿ ತೊಳೆಯುವ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಾದ ಮೇಲೆ ಮಾದೇಶ ಒಂದು ಪಾಕೆಟ್ ಬಿಚ್ಚಿ ಅವಳ ಮುಂದೆ ಹಿಡಿದ.

"ಇಂಗಿಲ್ಲ. ಬರೀ ಜೀರಿಗೆ. ತಿಂದು ಹೇಳು."

ಅವಳು ಕಣ್ಣೊರೆಸಿಕೊಂಡು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಒಡೆದ ತುಟಿ ಉರಿಯಿತು.

"ಎರಡು ದಿನ ಕಾಯ್ಬೇಕಲ್ಲ..."

"ಎರಡು ದಿನ ಇರ್ತೀಯಾ?"

"ಗೆರೆ ಎಳಿಯಾಕೆ ಈ ಮನೇಲಿ ಗೋಡೆ ಐತಾ?"

ಮಾದೇಶ ನಕ್ಕ. ಹಣೆಯ ಹೊಲಿಗೆ ನೋಯಿತು, ಆದರೂ ನಕ್ಕ. "ನಾಲ್ಕು ಐತೆ."

ಕುಪ್ಪಸ್ವಾಮಿಯ ಗೋಡೆಯ ಮೇಲೆ ಐದು ಗೆರೆಗಳು ಹಾಗೇ ಉಳಿದವು. ಆರನೆಯದನ್ನು ಎಳೆಯಲು ರಾಜಾತಿ ಆ ಮನೆಗೆ ಮತ್ತೆಂದೂ ಹೋಗಲಿಲ್ಲ.