ಹನ್ನೊಂದನೇ ಸಹಿ

ಲೋರ್ಕನ್ ಟ್ವೂಮಿ ನನ್ನನ್ನು ಟೀಗೆ ಒಂದೇ ಒಂದು ಸಲ ಕರೆದ. ನಮ್ಮ ಜಗಳ ಶುರುವಾದದ್ದು ಅಲ್ಲಿಂದ.

೧೯೮೪ರ ಏಪ್ರಿಲ್ ತಿಂಗಳು. ನಾನು ಫೈಲು ಹಿಡಿದುಕೊಂಡು ಅವನ ಬಾಗಿಲಲ್ಲಿ ನಿಂತಿದ್ದೆ. ಡಿಂಪ್ನಾ ಕೊಖ್ಲನ್, ವಯಸ್ಸು ಮೂವತ್ತಾರು, ಮದುವೆಯಾಗಿಲ್ಲ, ಲಾರ್ಚ್‌ಫೀಲ್ಡ್ ನಿವಾಸಿಗಳ ಸಂಘದ ಕಾರ್ಯದರ್ಶಿ. ಆಗ ನನ್ನ ಬಗ್ಗೆ ಹೇಳಿಕೊಳ್ಳಲು ಇದ್ದದ್ದು ಇಷ್ಟೇ.

"ಒಳಗೆ ಬನ್ನಿ. ಟೀ ಕುಡೀತೀರಾ?"

"ಅಯ್ಯೋ, ಬೇಡಪ್ಪ. ಈಗಷ್ಟೇ ಕುಡಿದು ಬಂದೆ."

"ಸರಿ," ಎಂದವನು ತನಗೊಬ್ಬನಿಗೇ ಒಂದು ಕಪ್ ಬಗ್ಗಿಸಿಕೊಂಡು ನನ್ನೆದುರೇ ಕೂತು ಕುಡಿಯತೊಡಗಿದ.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಐರ್ಲೆಂಡಿನ ನಮ್ಮ ಕಾರ್ಕ್ ಶಹರದಲ್ಲಿ ಹುಟ್ಟಿದ ಯಾವ ಮನುಷ್ಯನಾದರೂ ಹೀಗೆ ಮಾಡುತ್ತಾನೆಯೇ? ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಎರಡನೇ ಸಲ ಕೇಳಿದಾಗ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲಕ್ಕೆ, ಇಷ್ಟು ಹೇಳ್ತಿದ್ದೀರಲ್ಲ, ಒಂದರ್ಧ ಕಪ್ ಕೊಡಿ ಅಂತ ಒಪ್ಪಿಕೊಳ್ಳಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ ಇದು. ಗಂಟಲು ಒಣಗಿತ್ತು, ಅವನ ಟೀ ಘಮ್ಮೆನ್ನುತ್ತಿತ್ತು, ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನ ಹೆಸರು ಫಿಲೋಮಿನಾ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಒಂದೇ ಸಲ ಕೇಳಿದ್ನಾ?"

"ಒಂದೇ ಸಲ."

"ದೇವರೇ! ಅವನ ತಾಯಿ ಎಂಥ ಹೆಂಗಸು ಕಣೇ, ಬಾಗಿಲಿಗೆ ಬಂದವರನ್ನ ಹೊಟ್ಟೆ ಬಿರಿಯೋ ಹಾಗೆ ತಿನ್ನಿಸದೆ ಬಿಡ್ತಿರಲಿಲ್ಲ. ಆ ಸ್ವೀಡನ್ ದೇಶ ಇವನನ್ನ ಕೆಡಿಸಿಬಿಟ್ಟಿದೆ."

ಸ್ವೀಡನ್ನಿನ ಗೋಥೆನ್‌ಬರ್ಗಿನ ಹಡಗು ಕಟ್ಟೆಯಲ್ಲಿ ಹದಿನಾಲ್ಕು ವರ್ಷ ದುಡಿದು, ತಾಯಿ ತೀರಿಕೊಂಡ ಮೇಲೆ ಅವನು ಊರಿಗೆ ಮರಳಿದ್ದ. ಬಂದರಿನಲ್ಲಿ ದೋಣಿ ರಿಪೇರಿ ಕೆಲಸ. ಅಗಲ ಭುಜ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ಲು, ಬಲಗಡೆಯದೊಂದೇ ಮೇಲಕ್ಕೇರುವ ಹುಬ್ಬು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಪ್ರತಿದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ನಾನು ಅವನ ಅಡುಗೆಮನೆಯ ಕಿಟಕಿಯ ಮುಂದೆ ಹಾದು ಬಸ್ಸಿಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಅವನು ಕಿಟಕಿಗೆ ಕನ್ನಡಿ ತೂಗುಹಾಕಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಮುಖದ ತುಂಬ ನೊರೆ ಇಟ್ಟುಕೊಂಡೇ ರೇಜರ್ ಎತ್ತಿ ಸಲಾಮು ಹೊಡೆಯುತ್ತಿದ್ದ. ನಾನು ನೋಡದವಳ ಹಾಗೆ ಹೋಗಿ, ಬಸ್‌ಸ್ಟಾಪಿನಲ್ಲಿ ನಿಂತು ನಗುತ್ತಿದ್ದೆ.

ಆ ದಾರಿಯನ್ನು ಮುಚ್ಚಿಸುವುದಕ್ಕೇ ನಾನು ಸಹಿ ಕೇಳುತ್ತ ತಿರುಗುತ್ತಿದ್ದೆ ಅನ್ನುವುದು ಬೇರೆ ಮಾತು.

ನಾಕ್‌ಡಫ್ ಗುಡ್ಡದ ಮೇಲೆ ಮೊದಲು ಬಂದದ್ದು ಗೋಬ್ನೆಟ್ ಪಾರ್ಕ್, ಐವತ್ತರ ದಶಕದಲ್ಲಿ ನಗರಸಭೆ ಕಟ್ಟಿಸಿಕೊಟ್ಟ ಮನೆಗಳು. ಇಪ್ಪತ್ತು ವರ್ಷ ಕಳೆದು ಪಕ್ಕದ ದನ ಮೇಯುವ ಹೊಲದಲ್ಲಿ ನಮ್ಮ ಲಾರ್ಚ್‌ಫೀಲ್ಡ್ ಎದ್ದಿತು. ಸ್ವಂತ ಮನೆಗಳು, ಮುಂದೆ ಅಂಗೈಯಗಲ ಹುಲ್ಲು. ಲಾರ್ಚ್ ಮರ ಮಾತ್ರ ಒಂದೂ ಇರಲಿಲ್ಲ. ಎರಡರ ನಡುವೆ ಬಿಲ್ಡರ್ ಗೋಡೆ ಎಬ್ಬಿಸಿದ. ಬಸ್ಸು, ಚರ್ಚು, ಅಂಗಡಿ ಎಲ್ಲ ಗೋಬ್ನೆಟ್ ಪಾರ್ಕಿನ ಕಡೆಗೇ ಉಳಿದವು. ಆರು ತಿಂಗಳಲ್ಲಿ ಗೋಡೆಯಲ್ಲೊಂದು ಸಂದಿ ಬಿತ್ತು. ಯಾರು ಒಡೆದರೋ ಯಾರಿಗೂ ಗೊತ್ತಿಲ್ಲ. ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ, ಎಲ್ಲರೂ ಅದರಲ್ಲೇ ಓಡಾಡುತ್ತಿದ್ದರು.

ಸಂದಿಯನ್ನು ಮುಚ್ಚಬೇಕೆಂದು ಹಟ ಹಿಡಿದವರು ನಮ್ಮ ಅಧ್ಯಕ್ಷರಾದ ಮಿಸ್ಟರ್ ಕ್ರೌಲಿ. ಅಚ್ಚುಕಟ್ಟಾದ ಬಡಾವಣೆಯ ಸ್ಪರ್ಧೆಯಲ್ಲಿ ನಮಗೆ ಮೂರನೇ ವರ್ಷವೂ ಬಹುಮಾನ ತಪ್ಪಿತ್ತು. ತೀರ್ಪುಗಾರರು ಆ ಸಂದಿಯನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದರಂತೆ. ನಿಜ ಹೇಳಬೇಕೆಂದರೆ, ಗೋಬ್ನೆಟ್ ಪಾರ್ಕಿನವರ ಬೂಟು ನಮ್ಮ ಹುಲ್ಲಿನ ಮೇಲೆ ಬೀಳುವುದು ನಮ್ಮವರಿಗೆ ಸಹಿಸಲಾಗುತ್ತಿರಲಿಲ್ಲ. ಗೋಡೆಗೆ ತಾಗಿದ ಮನೆಗಳು ಎರಡೂ ಕಡೆ ಸೇರಿ ಹನ್ನೊಂದು. ಹನ್ನೊಂದೂ ಮನೆಯವರು ಒಪ್ಪಿ ಸಹಿ ಹಾಕಿದರೆ ಮುಚ್ಚುವುದು, ಇಲ್ಲವಾದರೆ ಇಲ್ಲ ಎಂದು ಪಾದ್ರಿಗಳ ಮುಂದೆ ಮಾತಾಗಿತ್ತು.

ಹತ್ತು ಸಿಕ್ಕಿದ್ದವು. ಹನ್ನೊಂದನೆಯವನು ಗೋಬ್ನೆಟ್ ಪಾರ್ಕಿನ ಕಡೆ, ಸಂದಿಯ ಪಕ್ಕದ ಮನೆಯಲ್ಲಿದ್ದ ಲೋರ್ಕನ್.

"ಯೋಚನೆ ಮಾಡ್ತೀನಿ. ಮುಂದಿನ ವಾರ ಬನ್ನಿ," ಎನ್ನುತ್ತಿದ್ದ ಪ್ರತಿ ವಾರವೂ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸಂದಿಯಲ್ಲೇ ಎದುರುಬದುರಾದೆವು. ನಾನು ಈ ಕಡೆಯಿಂದ ತಲೆ ಹಾಕಿದ್ದೆ, ಅವನು ಆ ಕಡೆಯಿಂದ. ನಡುವೆ ಒಂದು ಗೇಣು. ಅವನಿಂದ ಮರದ ಹೊಟ್ಟಿನ, ಸೋಪಿನ ವಾಸನೆ ಬಂತು.

"ನೀವು ಮೊದಲು ಹೋಗಿ," ಎಂದ.

"ಪರವಾಗಿಲ್ಲ, ನೀವೇ ಹೋಗಿ."

"ಥ್ಯಾಂಕ್ಸ್," ಎಂದವನೇ ನನ್ನ ಟೋಪಿಯನ್ನು ಸವರಿಕೊಂಡು ದಾಟಿಯೇಬಿಟ್ಟ!

ಎಂಟೂ ಹದಿನೈದರ ಬಸ್ಸು ನನ್ನ ಕಣ್ಣೆದುರೇ ಹೋಯಿತು. ನಾನು ತಿರುಗಿ ನಿಂತು ಕಿರುಚಿದೆ. "ಏನ್ರೀ ಮನುಷ್ಯರು ನೀವು? ಒಂದ್ಸಲ ಬೇಡ ಅಂದ್ರೆ ಇನ್ನೊಂದ್ಸಲ ಕೇಳಬೇಕು ಅಂತ ಗೊತ್ತಾಗಲ್ವಾ?"

ಅವನು ನಿಂತ. ಬಲಹುಬ್ಬು ಮೇಲೇರಿತು. "ಓಹೋ. ಹಾಗಾದ್ರೆ ಆವತ್ತು ನಿಮಗೆ ಟೀ ಬೇಕಾಗಿತ್ತು."

"ಬೇಕಾಗಿತ್ತು!"

"ಹದಿನಾಲ್ಕು ವರ್ಷ ಅಲ್ಲಿದ್ದೆ ನೋಡಿ, ಮರೆತುಹೋಯ್ತು. ಅಲ್ಲಿ ಬೇಡ ಅಂದ್ರೆ ಬೇಡ." ತುಸು ಯೋಚಿಸಿ ಕೇಳಿದ. "ಒಂದು ಹೇಳಿ. ಇಲ್ಲಿ ನಿಜವಾಗ್ಲೂ ಬೇಡ ಅನ್ನಬೇಕಾದ್ರೆ ಹೇಗೆ ಅಂತೀರಿ?"

ನಾನು ಟೋಪಿ ನೆಟ್ಟಗೆ ಮಾಡಿಕೊಂಡು ಮುಂದಿನ ಬಸ್ಸಿಗೆ ನಡೆದೆ.

ಆಮೇಲೆ ಟೀಯ ವಿಷಯದಲ್ಲಿ ಸುಧಾರಿಸಿದ. ಶನಿವಾರ ಶನಿವಾರ ಫೈಲು ಹಿಡಿದು ಹೋಗುತ್ತಿದ್ದೆ. ಅವನು ಬೆರಳು ಮಡಚಿ ಎಣಿಸುತ್ತ ಮೂರು ಸಲ ಕೇಳುತ್ತಿದ್ದ, ನಾನು ಎರಡು ಸಲ ಬೇಡ ಅನ್ನುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಒಣದ್ರಾಕ್ಷಿಯ ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಬಳಿದು ಕೊಡುತ್ತಿದ್ದ. ನಾನು ತಿನ್ನುವುದನ್ನೇ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಕೆಟಲ್ ನೋಡುವವನ ಹಾಗೆ ನಟಿಸುತ್ತಿದ್ದ. ಫೈಲು ಮೇಜಿನ ಮೇಲೆ ಇದ್ದ ಹಾಗೇ ಇರುತ್ತಿತ್ತು. ಶುಕ್ರವಾರ ಸಂಜೆಯೇ ನಾನು ಕೂದಲಿಗೆ ಸುರುಳಿ ಕಟ್ಟಿಕೊಳ್ಳುವುದನ್ನು ಅಮ್ಮ ಗಮನಿಸಿದ್ದಳು.

"ಒಂದು ಸಹಿಗೆ ಎಷ್ಟು ಸಲ ಹೋಗ್ತೀಯೇ? ಅವನಿಗೇನು ಓದು ಬರಹ ಬರಲ್ವಾ?"

"ಬರುತ್ತಮ್ಮ. ನಿಧಾನ."

ಜೂನ್ ಮೊದಲ ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಅವನೇ ನನ್ನನ್ನು ಮನೆಗೆ ಕರೆದ. ಮೇಜಿನ ಮೇಲೆ, ಹಿಂದಿನ ದಿನ ನಾನು ಬಿಟ್ಟುಬಂದಿದ್ದ ಫೈಲಿನ ಪಕ್ಕ, ಸ್ವೀಡನ್ನಿನ ಅಂಚೆಚೀಟಿಯ ಕಾಗದವಿತ್ತು. ಕೆಟಲ್ ಇಟ್ಟಿರಲಿಲ್ಲ.

"ಹಳೇ ಗೆಳೆಯ ಅಲ್ಲಿ ದೋಣಿ ಕಾರ್ಖಾನೆ ಹಾಕಿದಾನೆ. ವಾಪಸ್ ಬಾ ಅಂತಾನೆ. ಹೋಗೋದಾದ್ರೆ ಬರೋ ಶುಕ್ರವಾರದ ಹಡಗಿಗೇ ಹೊರಡಬೇಕು." ಕಿವಿಯ ಹಿಂದಿನ ಪೆನ್ಸಿಲ್ ತೆಗೆದ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. "ನಾನ್ಯಾಕೆ ಸೈನ್ ಮಾಡಿಲ್ಲ ಗೊತ್ತಾ? ಆ ಸಂದಿ ಮುಚ್ಚಿದ್ರೆ ನೀವು ಈ ಕಿಟಕಿ ಮುಂದೆ ಬರಲ್ಲ. ಅಷ್ಟಕ್ಕೇ. ಡಿಂಪ್ನಾ, ನನ್ನ ಮದುವೆ ಆಗ್ತೀರಾ? ಆಗ್ತೀನಿ ಅಂದ್ರೆ ಇಲ್ಲೇ ಇರ್ತೀನಿ."

ಹೂಂ ಎಂದು ಕೂಗಬೇಕೆನ್ನಿಸಿತು. ಬಾಯಿಂದ ಹೊರಟದ್ದು ಮಾತ್ರ, ಮೂವತ್ತಾರು ವರ್ಷದ ರೂಢಿ,

"ಅಯ್ಯೋ, ಬೇಡಪ್ಪ. ನನ್ನಂಥವಳನ್ನ ಕಟ್ಕೊಂಡು ಏನು ಮಾಡ್ತೀರಿ?"

ಎಂದು, ನೆಲ ನೋಡುತ್ತ, ಎರಡನೇ ಸಲ ಕೇಳುವುದನ್ನು ಕಾದೆ.

ಅವನು ಕೇಳಲಿಲ್ಲ. ಫೈಲು ಹತ್ತಿರಕ್ಕೆ ಎಳೆದುಕೊಂಡು ಹನ್ನೊಂದನೇ ಗೆರೆಯ ಮೇಲೆ ತನ್ನ ಹೆಸರು ಬರೆದ. ಅಕ್ಷರ ದುಂಡಗೆ, ಚೆನ್ನಾಗಿಯೇ ಇತ್ತು.

ಮೂರು ಸಲ ಕೇಳಬೇಕೆಂದು ಕಲಿಸಿದ್ದೆನಲ್ಲ! ಗೊತ್ತಿದ್ದೂ ಕೇಳಲಿಲ್ಲವೆಂದರೆ ಇವನಿಗೆ ಅಷ್ಟೇನೂ ಬೇಕಾಗಿಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲೇ ನೆಟ್ಟಗೆ ಮಿಸ್ಟರ್ ಕ್ರೌಲಿಯವರ ಮನೆಗೆ ಹೋಗಿ ಫೈಲು ಕೊಟ್ಟೆ. ಅವರು ನನ್ನ ಕೈ ಕುಲುಕಿ, ಲಾರ್ಚ್‌ಫೀಲ್ಡ್ ನಿಮ್ಮನ್ನು ಮರೆಯುವುದಿಲ್ಲ ಎಂದರು.

ಸೋಮವಾರ ಕಿಟಕಿಯಲ್ಲಿ ಕನ್ನಡಿ ಇರಲಿಲ್ಲ. ಮಂಗಳವಾರ ಪರದೆ ಎಳೆದಿತ್ತು. ಬುಧವಾರ ನಾನು ಊಟ ಬಿಟ್ಟೆ. ಅಮ್ಮ ತಟ್ಟೆ ತಳ್ಳಿ ನನ್ನೆದುರು ಕೂತಳು.

"ಅವನು ಕೇಳಿದ್ನಾ?"

"ಕೇಳಿದ. ಒಂದೇ ಸಲ."

"ನೀನು ಬೇಡ ಅಂದ್ಯಾ?"

"ಅಂದೆ."

"ಅಯ್ಯೋ ಪೆದ್ದಿ! ನಿಮ್ಮಪ್ಪ ನನ್ನ ಕೇಳಿದಾಗ ಮಾತು ಮುಗಿಯೋಕೆ ಮುಂಚೆ ಹೂಂ ಅಂದೆ ಕಣೇ. ಟೀಗೆ ಮಾಡೋ ಶಾಸ್ತ್ರಾನ ಗಂಡಿಗೆ ಮಾಡ್ತಾರಾ?"

ಇದನ್ನು ಮೊದಲೇ ಹೇಳಬಾರದಿತ್ತೇ!

ಗುರುವಾರ ಬೆಳಿಗ್ಗೆ ಸಂದಿಯ ಹತ್ತಿರ ಹೋದಾಗ ಟೈಗ್ ಮೇಸ್ತ್ರಿ ಮೊಣಕಾಲೆತ್ತರ ಕಟ್ಟಿದ್ದ. ಅವನೂ ಗೋಬ್ನೆಟ್ ಪಾರ್ಕಿನವನೇ.

"ಏನಮ್ಮಾ ಕಾರ್ಯದರ್ಶಿ, ಕೆಲಸ ಸರಿಯಾಗಿದೆಯಾ ನೋಡೋಕೆ ಬಂದ್ರಾ?"

"ಸ್ವಲ್ಪ ಕೈ ಕೊಡು, ಟೈಗ್. ದಾಟಬೇಕು."

"ದಾಟಿ. ವಾಪಸ್ ಬರೋಕೆ ಆಗಲ್ಲ, ಹೇಳಿರ್ತೀನಿ. ನಾನಂತೂ ನಿಲ್ಲಿಸಲ್ಲ, ಸಿಮೆಂಟ್ ಕಲಸಿ ಆಗಿದೆ."

ನಾನು ಚರ್ಚಿಗೆಂದು ಇಟ್ಟಿದ್ದ ಒಳ್ಳೆಯ ಸ್ಕರ್ಟನ್ನು ಮಂಡಿಯವರೆಗೆ ಎತ್ತಿ ಹಿಡಿದು ದಾಟಿದೆ. ಕಾಲುಚೀಲ ಹರಿಯಿತು. ಬಾಗಿಲು ಬಡಿದೆ. ಅವನು ಬಂದ. ಅವನ ಹಿಂದೆ ಹಗ್ಗ ಬಿಗಿದ ಪೆಟ್ಟಿಗೆ ಕಾಣಿಸಿತು.

"ಯಾಕೆ ಎರಡನೇ ಸಲ ಕೇಳಲಿಲ್ಲ? ಮೂರು ಸಲ ಅಂತ ಹೇಳಿಕೊಟ್ಟಿದ್ದೆ ತಾನೇ?"

ಅವನ ಮುಖ ಬಾಡಿತ್ತು. "ಅದು ಟೀಗೆ. ಟೀಗೆ ಒತ್ತಾಯ ಮಾಡಬಹುದು, ಡಿಂಪ್ನಾ. ಹೆಂಗಸು ಮದುವೆ ಬೇಡ ಅಂದ ಮೇಲೆ ಪೀಡಿಸೋನಲ್ಲ ನಾನು."

ಆಗ ನನಗೆ ಅಳು ಬಂತು. ಮುಚ್ಚಿಡುವುದೇನು, ಬಾಗಿಲಲ್ಲೇ ನಿಂತು ಗಳಗಳ ಅತ್ತೆ. "ಸರಿ, ಈಗ ಕೇಳಿ."

"ಇಲ್ಲ," ಎಂದ. "ನನ್ನ ಸರದಿ ಮುಗೀತು. ಈ ಸಲ ನೀವು ಕೇಳಿ."

ಟೈಗನ ಕರಣೆಯ ಸದ್ದು ನಿಂತಿತು. ನಿಲ್ಲಿಸುವುದಿಲ್ಲ ಎಂದವನು ಅವನೇ.

"ಲೋರ್ಕನ್ ಟ್ವೂಮಿ, ನನ್ನ ಮದುವೆ ಆಗ್ತೀರಾ?"

ಅವನು ನೆಲ ನೋಡಿದ. "ಅಯ್ಯೋ, ಬೇಡಪ್ಪ."

ನನ್ನ ಜೀವ ಹೋಯಿತು. ಆಮೇಲೆ ನೋಡಿದರೆ ಬಲಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು.

"ದರಿದ್ರದವನೇ! ಆಗ್ತೀಯೋ ಇಲ್ವೋ?"

"ನಿಮಗ್ಯಾಕೆ ಸುಮ್ಮನೆ ತೊಂದರೆ."

"ಮೂರನೇ ಸಲ ಕೇಳ್ತಿದೀನಿ. ಇದೇ ಕೊನೆ."

"ಇಷ್ಟು ಹೇಳ್ತಿದ್ದೀರಲ್ಲ," ಎಂದ. "ಒಂದರ್ಧ ಕಪ್ ಆಗಲಿ."

ಮಧ್ಯಾಹ್ನದ ಹೊತ್ತಿಗೆ ಗೋಡೆ ಪೂರ್ತಿಯಾಯಿತು. ಈಗಲೂ ಇದೆ, ಒಳ್ಳೆಯ ಕೆಲಸ, ಒಂದು ಬಿರುಕೂ ಬಿಟ್ಟಿಲ್ಲ. ಆ ವರ್ಷವೂ ಬಹುಮಾನ ನಮಗೆ ಬರಲಿಲ್ಲ. ನಲವತ್ತು ವರ್ಷದಿಂದ ನಾನು ಗೋಬ್ನೆಟ್ ಪಾರ್ಕಿನ ಕಡೆ ಇದ್ದೇನೆ. ಲಾರ್ಚ್‌ಫೀಲ್ಡಿನವರು ಅಂಗಡಿಗೆಂದು ಸುತ್ತಿ ಬಂದು, ಕಿಟಕಿಯ ಮುಂದೆ ಏದುಸಿರು ಬಿಡುತ್ತ ನಿಂತು ನನ್ನನ್ನು ಬಯ್ದುಕೊಳ್ಳುತ್ತಾರೆ. ಒಳಗೆ ಕರೆಯುತ್ತೇನೆ, ಮೂರು ಸಲ.

ಆ ದಿನ ಅಮ್ಮನಿಗೆ ಸುದ್ದಿ ಹೇಳಲು ನಾವೂ ಮುಖ್ಯರಸ್ತೆ ಹಿಡಿದು ಸುತ್ತಿಕೊಂಡೇ ಹೋಗಬೇಕಾಯಿತು. ಒಂದೂವರೆ ಮೈಲಿ, ಎಲ್ಲ ಏರು. ಚರ್ಚಿನ ತಿರುವಿನಲ್ಲಿ ಅವನು ನಿಂತ.

"ಕೈ ಹಿಡ್ಕೋತೀರಾ?" ಎಂದು ಕೇಳಿದ, ಒಂದೇ ಸಲ.

"ಹೂಂ," ಎಂದೆ.