ಹಿಂದಿನಣ್ಣ ಮುಂದೆ ನಡೆದ ದಿನ

ದಾರಿ ದೇವದಾರು ಮರಗಳ ನಡುವೆ ಏರತೊಡಗಿದ ಕೂಡಲೇ ಅವಳು ಒಂದು ಬಂಡೆಯ ಮೇಲೆ ಕುಳಿತು ಬೂಟಿನ ಲೇಸಿಗೆ ಕೈಹಾಕಿದಳು.

"ಮತ್ತೆ ಬಿಚ್ಚಿತಾ?" ಎಂದ ಹಿಂದಿನಣ್ಣ.

"ಸ್ವಲ್ಪ ಸಡಿಲ ಅನ್ನಿಸ್ತು."

"ಕಟ್ಕೊಳ್ಳಿ. ಬೆಟ್ಟ ಎಲ್ಲಿಗೂ ಹೋಗಲ್ಲ."

ಅವನು ನಾಲ್ಕು ಹೆಜ್ಜೆ ಕೆಳಗೇ ನಿಂತು, ಅವಳನ್ನು ಬಿಟ್ಟು ಮರದ ತುದಿಯನ್ನು ನೋಡಿದ. ಒಬ್ಬರನ್ನು ನೋಡದೆ ಇರುವುದಕ್ಕೂ ಬಹಳ ಗಮನ ಬೇಕು. ಆ ಗಮನ ಅವನ ಕತ್ತಿನ ತಿರುವಿನಲ್ಲೇ ಕಾಣುತ್ತಿತ್ತು.

ಚಾರಣದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವುದು ಅವನ ಕೆಲಸ. ಮುಂದೆ ದಾರಿ ತೋರುವ ಹಿರಿಯ ಗೈಡ್, ನಡುವೆ ಚಾರಣಕ್ಕೆ ಬಂದವರೆಲ್ಲ, ಕಟ್ಟಕಡೆಗೆ ಇವನು. ಯಾರಿಗೆ ಏದುಸಿರು ಬಂದರೂ, ಯಾರ ಕಾಲು ಉಳುಕಿದರೂ ಇವನು ಅವರ ಹಿಂದೆಯೇ ನಿಲ್ಲಬೇಕು. ಅವರನ್ನು ದಾಟಿ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಹಿಂದಿನಣ್ಣ. ಅವಳೊಬ್ಬಳು ಮಾತ್ರ "ನೋಡಿ", "ಕೇಳಿ" ಎನ್ನುವುದರಲ್ಲೇ ಮುಗಿಸುತ್ತಿದ್ದಳು. ಅಣ್ಣ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು.

ಹೋದ ವರ್ಷ ಅಕ್ಕ, ಭಾವನ ಜೊತೆ ಬಂದಾಗ ಅವಳ ಹಿಮ್ಮಡಿಯಲ್ಲಿ ನಿಜವಾಗಿಯೂ ಬೊಬ್ಬೆ ಎದ್ದಿತ್ತು. ದಾರಿಯುದ್ದಕ್ಕೂ ಅವನು ಅವಸರ ಮಾಡದೆ ಹಿಂದೆ ಬಂದ. ಅವಳು ಸೋತು ನಿಂತಾಗಲೆಲ್ಲ ಯಾವುದಾದರೊಂದು ಹಕ್ಕಿ ತೋರಿಸಿದ, ಅವಳು ನಿಂತದ್ದೇ ಹಕ್ಕಿ ನೋಡಲೆಂದು ಎನ್ನುವ ಹಾಗೆ. ತಂಗುಮನೆಯಲ್ಲಿ ಅವನ ಚೀಲದ ಪಟ್ಟಿ ಹರಿದದ್ದು ಕಂಡು ಅವಳು ಹೊಲಿದುಕೊಟ್ಟಳು. ಅವಳು ಟೈಲರ್, ಸೂಜಿಯಿಲ್ಲದೆ ಎಲ್ಲಿಗೂ ಹೊರಡುವವಳಲ್ಲ. ಅಂದು ಕೈಯಲ್ಲಿದ್ದದ್ದು ಕೆಂಪು ದಾರ ಮಾತ್ರ. ಈ ವರ್ಷವೂ ಅವನ ಹೆಗಲಲ್ಲಿ ಅದೇ ಚೀಲ, ಅದೇ ಕೆಂಪು ಹೊಲಿಗೆ.

ಈ ವರ್ಷ ಬೊಬ್ಬೆ ಇರಲಿಲ್ಲ.

"ನೋಡಿ," ಎಂದಳು ಲೇಸು ಬಿಗಿಯುತ್ತ, "ಹಿಂದೆ ನಡೆದೂ ನಡೆದೂ ಬೇಜಾರಾಗಲ್ವಾ? ಬರೀ ಬೆನ್ನೇ ಕಾಣೋದು."

"ಬೆನ್ನು ನೋಡಿದ್ರೂ ಮನುಷ್ಯರು ಗೊತ್ತಾಗ್ತಾರೆ."

"ನನ್ನ ಬೆನ್ನಲ್ಲಿ ಏನು ಗೊತ್ತಾಯ್ತು?"

ಅವನು ಅವಳತ್ತ ನೋಡಿದವನು ಕೂಡಲೇ ಕಣ್ಣು ತಗ್ಗಿಸಿದ. "ಬಲಗಡೆ ಭುಜ ಸ್ವಲ್ಪ ಬಾಗಿದೆ. ತುಂಬ ಹೊತ್ತು ಮಿಷನ್ ಮುಂದೆ ಕೂತಿರ್ತೀರಿ ಅನ್ಸುತ್ತೆ. ಮಧ್ಯೆ ಮಧ್ಯೆ ಎದ್ದು ಓಡಾಡಿ."

ಅವಳಿಗೆ ಒಳಗೊಳಗೇ ನಗು ಬಂತು. ಊರಿನವರ ಭುಜವನ್ನೆಲ್ಲ ಟೇಪು ಹಿಡಿದು ಅಳೆದವಳು ಅವಳು. ಅವಳ ಭುಜ ಬಾಗಿದ್ದನ್ನು ಈವರೆಗೆ ಯಾರೂ ನೋಡಿರಲಿಲ್ಲ.

ಆದರೆ ಮಾತು ಅಲ್ಲಿಗೇ ನಿಂತಿತು. ಬಂದವರ ಜೊತೆ ಗೈಡುಗಳು ಸಲುಗೆ ಬೆಳೆಸಬಾರದೆಂಬುದು ಅಲ್ಲಿಯ ನಿಯಮ. ಅವನು ನಿಯಮ ಮೀರುವವನಲ್ಲ. ತಾನಾಗಿ ಅವನು ಬಾಯಿ ಬಿಡಲಾರ. ನಾಳೆ ಬೆಟ್ಟದ ನೆತ್ತಿಯ ಕಿರಿದಾದ ಏಣು ದಾಟಿ ಕೆಳಗಿಳಿದರೆ ಬಸ್ಸು. ಮುಂದಿನ ವರ್ಷ ಸಮುದ್ರದ ಕಡೆ ಹೋಗೋಣ ಎಂದು ಅಕ್ಕ ಆಗಲೇ ಹೇಳಿಬಿಟ್ಟಿದ್ದಳು.

ಆ ಸಂಜೆ ತಂಗುಮನೆಯ ಒಲೆಯ ಸುತ್ತ ಎಲ್ಲರೂ ಕಾಲು ಚಾಚಿ ಕುಳಿತಿದ್ದಾಗ ಹಿರಿಯ ಗೈಡ್ ಮಂಡಿ ನೀವಿಕೊಳ್ಳುತ್ತ ಹೇಳಿದರು: "ಇನ್ನು ನನ್ನ ಕೈಲಾಗಲ್ಲಪ್ಪ. ನಾನು ಕುದುರೆ ದಾರೀಲಿ ಇಳ್ಕೊಂಡು ಹೋಗ್ತೀನಿ. ನಾಳೆಯಿಂದ ಹಿಂದಿನಣ್ಣನೇ ಮುಂದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಕೈಗಳು ಟೀ ಲೋಟವನ್ನು ಬಿಗಿಯಾಗಿ ಹಿಡಿದುಕೊಂಡವು.

"ಹಾಗಾದ್ರೆ ಹಿಂದೆ ಯಾರು?" ಭಾವ ಕೇಳಿದ.

"ನಾನು," ಎಂದಳು ಚಾರಣದ ಜೊತೆಗೇ ನಡೆದು ಬರುತ್ತಿದ್ದ ಅಡುಗೆಯಮ್ಮ, ಸೌಟು ತೊಳೆಯುತ್ತ. "ಟೈಲರಮ್ಮಾ, ಈಗಲೇ ಹೇಳಿದೀನಿ, ನನಗೆ ಹಕ್ಕಿ ಗಿಕ್ಕಿ ತೋರ್ಸೋಕೆ ಬರಲ್ಲ."

ಎಲ್ಲರೂ ನಕ್ಕರು. ಹಿಂದಿನಣ್ಣ ಮಾತ್ರ ನಗದೆ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟ. ಒಲೆ ಆಗಲೇ ಚೆನ್ನಾಗಿ ಉರಿಯುತ್ತಿತ್ತು.

ಬೆಳಗ್ಗೆ ಮಂಜು ಕಣಿವೆಯಿಂದ ಮೆಲ್ಲಗೆ ಮೇಲೇಳುತ್ತಿತ್ತು. ಮೊದಲ ಬಿಸಿಲು ಶಿಖರಕ್ಕೆ ತಗುಲಿದಾಗ ಅವಳು ಕೈಮುಗಿದಳು. ದೇವರ ಬಳಿ ಇಂಥದ್ದೇ ಕೊಡು ಎಂದು ಕೇಳಿ ಅಭ್ಯಾಸವಿಲ್ಲದವಳು. "ನಿನಗೆ ಗೊತ್ತಲ್ಲ" ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದಳು.

ಏಣಿನ ಮೇಲೆ ದಾರಿ ಒಬ್ಬರು ನಡೆಯುವಷ್ಟೇ ಅಗಲ. ಎರಡೂ ಕಡೆ ಹುಲ್ಲಿನ ಇಳಿಜಾರು, ಕೆಳಗೆಲ್ಲೋ ಕಾಣದ ತೊರೆಯ ಸದ್ದು. ಸ್ವಲ್ಪ ದೂರ ನಡೆದ ಮೇಲೆ ಅವಳು ಅಭ್ಯಾಸಬಲದಿಂದ ಕುಳಿತು ಲೇಸಿಗೆ ಕೈಹಾಕಿದಳು.

"ಅಲ್ಲಾ ತಾಯಿ," ಎಂದಳು ಅಡುಗೆಯಮ್ಮ, "ಬಿಚ್ಚದೇ ಇರೋ ಲೇಸನ್ನ ಎಷ್ಟು ಸಲ ಕಟ್ತೀರಿ? ಈಗ ನಿಮ್ಮ ಹಿಂದೆ ಇರೋದು ನಾನು."

ಅವಳ ಕಿವಿ ಬಿಸಿಯಾಯಿತು. ತಲೆಯೆತ್ತಿ ನೋಡಿದಳು. ಸಾಲಿನ ಆ ತುದಿಯಲ್ಲಿ ಅವನ ಚೀಲ. ಅಷ್ಟು ದೂರದಿಂದ ಹೊಲಿಗೆ ಕಾಣುವುದು ಸಾಧ್ಯವಿಲ್ಲ, ಆದರೂ ಅವಳಿಗೆ ಕಂಡಿತು. ಇಲ್ಲೇ ಉಳಿದರೆ ಅವನು ಬರುವಂತಿಲ್ಲ. ಮುಂದೆ ಹೋದರೆ ಇಷ್ಟು ದಿನದ ನಿಧಾನವೆಲ್ಲ ನಾಟಕವೆಂದು ಎಲ್ಲರೆದುರು ಬಯಲಾಗುತ್ತದೆ. ನಾಚಿಕೆಗೂ ಬಸ್ಸಿಗೂ ನಡುವೆ ಉಳಿದಿದ್ದದ್ದು ಈ ಏಣೊಂದೇ.

ಅವಳು ಎದ್ದಳು.

"ಸ್ವಲ್ಪ ದಾರಿ ಬಿಡಿ," ಎನ್ನುತ್ತ ಒಬ್ಬೊಬ್ಬರನ್ನೇ ದಾಟಿದಳು. ಜನ ಹುಲ್ಲಿನ ಮೇಲೆ ಸರಿದು ನಿಂತು ಬೆರಗಾಗಿ ನೋಡಿದರು.

ಅಕ್ಕ ಸಿಕ್ಕಳು. "ಎಲ್ಲಿಗೇ?"

"ಮುಂದಕ್ಕೆ."

"ಕಾಲು ನೋವು?"

"ಇಲ್ಲ ಅಕ್ಕಾ."

ಅಕ್ಕ ಅವಳ ಮುಖವನ್ನೇ ನೋಡಿದಳು. "ಮಿಷನ್ ತುಳಿಯೋ ಕಾಲಿಗೆ ಎಂಥ ನೋವು ಅಂತ ಮೊನ್ನೆಯಿಂದ ಯೋಚಿಸ್ತಿದ್ದೆ. ಎಲ್ರೂ ಅಣ್ಣ ಅಂದ್ರೆ ನೀನೊಬ್ಳು 'ನೋಡಿ, ನೋಡಿ' ಅಂತಿದ್ದೆ." ತಂಗಿಯ ಸೆರಗಿಗೆ ಅಂಟಿದ್ದ ಹುಲ್ಲಿನ ಎಳೆ ತೆಗೆದಳು. "ಹೋಗು. ಬಸ್ ಬರೋದ್ರೊಳಗೆ ಹೋಗು."

ಅದಕ್ಕೂ ಮುಂದೆ ಭಾವ ಗೊಣಗುತ್ತ ನಡೆಯುತ್ತಿದ್ದ. "ಈ ಹಿಂದಿನಣ್ಣನ್ನ ಮುಂದೆ ಹಾಕಿದ್ದೇ ತಪ್ಪಾಯ್ತು. ಮದುವೆ ಮೆರವಣಿಗೆ ಹೊರಟ ಹಾಗೆ ನಡೀತಾನೆ. ಹೆಜ್ಜೆಗೊಂದು ಸಲ ತಿರುಗಿ ಬೇರೆ ನೋಡ್ತಾನೆ. ಏನು ಬಿಟ್ಟು ಬಂದಿದಾನೋ." ನಾದಿನಿ ತನ್ನನ್ನು ದಾಟಿ ಹೋದದ್ದು ಕಂಡು ಅವನ ಗೊಣಗಾಟ ಅರ್ಧಕ್ಕೇ ನಿಂತಿತು.

ಹೆಜ್ಜೆಯ ಸದ್ದು ಕೇಳಿ ಹಿಂದಿನಣ್ಣ ತಿರುಗಿದ. ಅವಳನ್ನು ನೋಡಿದ. ಅವಳ ಬೂಟು ನೋಡಿದ.

"ಕಾಲು?"

"ಈ ವರ್ಷ ಕಾಲಿಗೆ ಏನೂ ಆಗಿರ್ಲಿಲ್ಲ." ಏದುಸಿರಿನ ನಡುವೆ ಅವಳಿಗೆ ಅಷ್ಟೇ ಹೇಳಲಾಯಿತು. "ಲೇಸಿಗೂ ಏನೂ ಆಗಿರ್ಲಿಲ್ಲ."

"ಕಾಣ್ತಿತ್ತು," ಎಂದ ಅವನು, ಬಹಳ ಮೆಲ್ಲಗೆ. "ಕಂಡಿದ್ದನ್ನ ನಂಬೋ ಧೈರ್ಯ ಇರ್ಲಿಲ್ಲ."

ಗಾಳಿ ಹುಲ್ಲನ್ನು ಒಂದೇ ಕಡೆಗೆ ಬಾಗಿಸಿ ಸುಮ್ಮನಾಯಿತು. ಅವಳು ಉಸಿರು ಹಿಡಿದು ಕೇಳಿದಳು, "ನೀವ್ಯಾಕೆ ಇಷ್ಟು ನಿಧಾನ? ಭಾವ ಬೈತಿದಾರೆ."

"ಹಿಂದೆ ಉಳಿದವರು ಕಣ್ಣಿಗೆ ಕಾಣ್ತಿರ್ಬೇಕಲ್ಲ."

"ಎಲ್ಲರೂನಾ?"

ಅವನು ಚೀಲದ ಪಟ್ಟಿಯ ಮೇಲಿನ ಕೆಂಪು ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. ಅಲ್ಲಿ ಬಟ್ಟೆ ನುಣುಪಾಗಿತ್ತು. ಬಹಳ ಸಲ ಸವರಿದ ಗುರುತು. "ಇಲ್ಲ," ಎಂದ. "ಒಬ್ಬರು."

ಇಬ್ಬರೂ ಸ್ವಲ್ಪ ದೂರ ಒಬ್ಬರ ಹಿಂದೊಬ್ಬರು ನಡೆದರು. ಈಗ ಬೆನ್ನು ನೋಡುವ ಸರದಿ ಅವಳದು.

"ಕೆಳಗಿಳಿದ ಮೇಲೆ ನಿಮ್ಮ ಅಕ್ಕನ ಹತ್ರ ಮಾತಾಡ್ಲಾ?" ಅವನು ತಿರುಗದೆಯೇ ಕೇಳಿದ. "ಬಸ್ ನಿಲ್ದಾಣ ಮುಟ್ಟಿದ್ರೆ ನನ್ನ ಕೆಲಸ ಮುಗೀತು. ಆಮೇಲೆ ನೀವು ಚಾರಣಕ್ಕೆ ಬಂದವರಲ್ಲ, ನಾನು ಗೈಡ್ ಅಲ್ಲ."

"ಅಕ್ಕನ ಹತ್ರ ಆಮೇಲೆ. ಮೊದಲು ನನ್ನ ಹತ್ರ ಮಾತಾಡಿ."

"ನಿಮ್ಮ ಹತ್ರ ಏನಂತ ಶುರು ಮಾಡ್ಲಿ?"

"ನೋಡಿ, ಅಂತ ಶುರು ಮಾಡಿ. ನಾನು ಹಾಗೇ ಮಾಡಿದ್ದು."

ಅವನು ನಕ್ಕ. ಅವನ ನಗುವಿನ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಏಣು ಮುಗಿದು ದಾರಿ ಹುಲ್ಲುಗಾವಲಿಗೆ ತೆರೆದುಕೊಂಡಿತು. ಅವನು ಒಂದು ಪಕ್ಕಕ್ಕೆ ಸರಿದು ಅರ್ಧ ದಾರಿ ಬಿಟ್ಟುಕೊಟ್ಟ. ಅವಳು ಆ ಅರ್ಧಕ್ಕೆ ಬಂದಳು.

"ಏನಾಯ್ತು ಇವನಿಗೆ ಇದ್ದಕ್ಕಿದ್ದ ಹಾಗೆ?" ಹಿಂದಿನಿಂದ ಭಾವನ ಕೂಗು ಕೇಳಿತು. "ನಿಧಾನ ಕಣಪ್ಪ, ನಾವೂ ಬರ್ಬೇಕು."

"ನಡೀರಿ ಸುಮ್ಮನೆ," ಎಂದಳು ಅಕ್ಕ. "ಅವರಿನ್ನು ತಿರುಗಿ ನೋಡಲ್ಲ."